ಬಿಲ್ಲೆ ಬದಲಿಸಿದ ಮಾಸ್ತರು

ಅವರ ಎಡಗೈಯ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ, ಎಳ್ಳು ಚೆಲ್ಲಿದ ಹಾಗೆ ಕರಿ ಚುಕ್ಕೆಗಳಿದ್ದವು. ಲೇತ್ ಯಂತ್ರದಲ್ಲಿ ತಿರುಗುವ ಕಬ್ಬಿಣದಿಂದ ಸಿಡಿದ ಬಿಸಿ ಚೂರುಗಳು ವರ್ಷಗಟ್ಟಲೆ ಬಿದ್ದು ಬಿದ್ದು ಆದ ಕಲೆಗಳು. ಹೊಸ ಬ್ಯಾಚು ಬಂದ ಮೊದಲ ದಿನ ಅಂಗಿಯ ತೋಳು ಮಡಚಿ ಆ ಕೈಯನ್ನು ಹುಡುಗರ ಮುಂದೆ ಚಾಚುತ್ತಿದ್ದರು. "ಮುಟ್ಟಿ ನೋಡ್ರೋ, ಅಂಜಬ್ಯಾಡ್ರಿ. ಇದು ಬೀಡು ಕಬ್ಬಿಣದ್ದು. ಇದು ಹಿತ್ತಾಳಿದು. ಇದು ಮಾತ್ರ ನನ್ನ ಸೊಕ್ಕಿನಿಂದ ಆಗಿದ್ದು" ಎಂದು ಮೊಣಕೈ ಹತ್ತಿರದ ಉದ್ದ ಗಾಯದ ಗುರುತು ತೋರಿಸುತ್ತಿದ್ದರು. ಹುಡುಗರು ನಗುತ್ತಿದ್ದರು. ಆದರೆ ಆಮೇಲೆ ಎರಡು ವರ್ಷ ಒಬ್ಬನೂ ಕಣ್ಣು ಕಾಯುವ ಕನ್ನಡಕ ಹಾಕದೆ ಯಂತ್ರದ ಹತ್ತಿರ ಸುಳಿಯುತ್ತಿರಲಿಲ್ಲ.

ಹುಬ್ಬಳ್ಳಿಯ ಬೆಂಗೇರಿ ಕಡೆಯ ನಮ್ಮ ಐಟಿಐಯಲ್ಲಿ ಅವರು ಟರ್ನರ್, ಅಂದರೆ ಲೇತ್ ಕೆಲಸದ, ವಿಭಾಗದ ಬೋಧಕರು. ನಾನು ಅದೇ ಸಂಸ್ಥೆಯಲ್ಲಿ ಡ್ರಾಯಿಂಗು ಮತ್ತು ಲೆಕ್ಕ ಕಲಿಸುತ್ತೇನೆ. ಉಳಿದ ನಾವೆಲ್ಲ ಹುಡುಗರಿಗೆ 'ಸರ್'. ಅವರೊಬ್ಬರೇ 'ಮಾಸ್ತರು'. ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮೇಲೆ ಇಲ್ಲಿಗೆ ಬಂದವರು. ಪ್ರತಿ ವರ್ಷ ಜೂನಿನಲ್ಲಿ ಅವರ ನೇಮಕ ಹೊಸದಾಗಿ ಆಗಬೇಕಿತ್ತು.

ಅವರ ಬಗ್ಗೆ ತಣ್ಣಗೆ ಕೂತು ಬರೆಯಲು ನನಗೆ ಬರುವುದಿಲ್ಲ. ಪೆನ್ನು ಹಿಡಿದರೆ ಮೈ ಉರಿಯುತ್ತದೆ. ಸಂಸ್ಥೆಯ ಮೇಲೆ ಉರಿಯುತ್ತದೆ, ಪ್ರಾಚಾರ್ಯರ ಮೇಲೆ ಉರಿಯುತ್ತದೆ, ನನಗೆ ಮೂರು ದಿನದ ತರಬೇತಿ ಕೊಟ್ಟ ಒಬ್ಬ ಮಹಾನುಭಾವನ ಮೇಲೂ ಉರಿಯುತ್ತದೆ. ಎಲ್ಲರಿಗಿಂತ ಹೆಚ್ಚು ಯಾರ ಮೇಲೆ ಎಂಬುದನ್ನು ಓದುತ್ತ ಹೋದರೆ ನೀವೇ ಹೇಳುತ್ತೀರಿ.

ನಮ್ಮಲ್ಲಿಗೆ ಬರುವ ಮಕ್ಕಳು ಎಂಥವರು ಎಂದು ಮೊದಲು ಹೇಳಬೇಕು. ಹತ್ತನೇ ಇಯತ್ತೆಯಲ್ಲಿ ಒಂದೋ ಎರಡೋ ಸಲ ಡುಮ್ಕಿ ಹೊಡೆದವರು, ಹೊಡೆಯದಿದ್ದರೂ ಕಡೆಯ ಬೆಂಚಿನಲ್ಲಿ ಕೂತು ಕೂತು 'ನಿನ್ನ ತಲೆಗೆ ಹತ್ತೋದಿಲ್ಲ' ಎಂಬ ಮಾತು ಕೇಳಿ ಬೆಳೆದವರು. ಕಪ್ಪು ಹಲಗೆ ಕಂಡರೆ ಅವರ ಮುಖ ಬಾಡುತ್ತದೆ. ಅಂಥವರ ಮುಂದೆ ಮಾಸ್ತರು ಒಂದು ದಿನ ಕೈಚೀಲದಿಂದ ಗಜ್ಜರಿ ತೆಗೆದರು. ಹೌದು, ಸಂತೆಯಲ್ಲಿ ಸಿಗುವ ಗಜ್ಜರಿ, ಕ್ಯಾರೆಟ್ಟು. ಅದನ್ನು ಲೇತಿನ ಹಿಡಿತದಲ್ಲಿ ಸಿಕ್ಕಿಸಿ, ಒಬ್ಬ ಹುಡುಗನಿಗೆ ಬಿಗಿ ಮಾಡು ಎಂದರು. ಅವನು ಬಲ ತೋರಿಸಲು ಹೋಗಿ ಗಜ್ಜರಿ ಪಚಕ್ಕನೆ ಅಪ್ಪಚ್ಚಿಯಾಯಿತು. ಎರಡನೆಯದನ್ನು ಇನ್ನೊಬ್ಬ ಹಿಡಿದ. ಸಡಿಲಾಗಿ ಹಾರಿ ಗೋಡೆಗೆ ಬಡಿಯಿತು. ಮೂರನೆಯದು ಹದವಾಗಿ ಕೂತಿತು. ಆಗ ನುಣ್ಣಗೆ ಸುಲಿದು ತೋರಿಸಿದರು. "ತೆಳ್ಳನ ಕಬ್ಬಿಣಾನೂ ಹಿಂಗ. ಬಿಗಿ ಹೆಚ್ಚಾತಂದ್ರ ಸೊಟ್ಟಾಗತೈತಿ, ನಿಮ್ಮ ಕಣ್ಣಿಗೆ ಕಾಣಂಗಿಲ್ಲ, ಅಷ್ಟ ಫರಕ." ಆ ಮೇಲೆ ಉಳಿದ ಗಜ್ಜರಿಯನ್ನು ಎಲ್ಲರೂ ತಿಂದರು. ಇದೇ ಪಾಠವನ್ನು ನಾನು ಹಲಗೆಯ ಮೇಲೆ ಬಾಣದ ಗುರುತು ಹಾಕಿ ಒಂದು ವಾರ ಕಲಿಸಿದ್ದೆ. ಒಬ್ಬನಿಗೂ ತಿಳಿದಿರಲಿಲ್ಲ.

ಕುಂದಗೋಳದ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬನಿಗೆ ಸ್ಕ್ರೂವಿನ ಪಿಚ್ ಎಂದರೆ ಏನೆಂದು ಏನು ಮಾಡಿದರೂ ತಲೆಗೆ ಹೋಗಲಿಲ್ಲ. ಮಾಸ್ತರು ಅವನನ್ನು ಕೂರಿಸಿಕೊಂಡು ಕೇಳಿದರು.

"ನಿಮ್ಮ ಹೊಲದಾಗ ಜ್ವಾಳಾ ಬಿತ್ತತೀರಲ್ಲ, ಸಾಲಿನಿಂದ ಸಾಲಿಗೆ ಎಷ್ಟ ಬಿಡ್ತೀರಿ?"

"ಒಂದೂವರಿ ಫೂಟ್ರಿ."

"ಈ ಸ್ಕ್ರೂ ಮ್ಯಾಲೂ ಸಾಲ ಅದಾವ ನೋಡು. ಸಾಲಿನಿಂದ ಸಾಲಿಗೆ ಎಷ್ಟ ಬಿಡ್ತೀವಿ ಅನ್ನೋದ ಪಿಚ್. ಮುಗೀತು."

ಹುಡುಗ ಬಾಯಿ ತೆರೆದು ನಿಂತ. "ಇಷ್ಟ ಏನ್ರಿ?" ಎಂದ. ಇಷ್ಟೇ.

ಇನ್ನೊಂದು ಪದ್ಧತಿ ಇತ್ತು. ಎಲ್ಲರನ್ನೂ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹಿಂದೆ ತಾವು ಲೇತ್ ನಡೆಸುತ್ತಿದ್ದರು. "ಈಗ ಹತ್ಯಾರ ಚೂಪ ಐತೋ, ಮೊಂಡ ಐತೋ?" ಕಬ್ಬಿಣ ಕೊರೆಯುವ ಉಳಿಯ ಸದ್ದು ಕೇಳಿ ಹೇಳಬೇಕು. ಅದಾದ ಮೇಲೆ ತಿರುಗಿ, ಬಿದ್ದ ಚೂರಿನ ಬಣ್ಣ ನೋಡಿ ಹೇಳಬೇಕು. ಕಡೆಗೆ ತಾವೇ ಹಿಡಿದು ನಡೆಸಬೇಕು. ಕೇಳಿದ್ದು, ನೋಡಿದ್ದು, ಮಾಡಿದ್ದು, ಮೂರೂ ಒಂದೇ ತಾಸಿನಲ್ಲಿ, ಮೂರೂ ಪ್ರತಿಯೊಬ್ಬರಿಗೆ. ಮೊದಲ ಸಲದಲ್ಲಿ ಹತ್ತದವನಿಗೆ ಎರಡನೆಯದು ಹತ್ತುತ್ತಿತ್ತು, ಎರಡರಲ್ಲೂ ಹತ್ತದವನಿಗೆ ಮೂರನೆಯದು.

ಆರು ವರ್ಷದ ಹಿಂದೆ ಸಂಸ್ಥೆಯವರು ನನ್ನನ್ನು ಧಾರವಾಡಕ್ಕೆ ಮೂರು ದಿನದ ತರಬೇತಿಗೆ ಕಳಿಸಿದರು. ಅಲ್ಲಿ ಒಬ್ಬಾತ ಲ್ಯಾಪ್‌ಟಾಪು ಇಟ್ಟುಕೊಂಡು ಬಣ್ಣ ಬಣ್ಣದ ಚಿತ್ರ ತೋರಿಸಿದ. ವಿದ್ಯಾರ್ಥಿಗಳಲ್ಲಿ ನೋಡಿ ಕಲಿಯುವವರು ಬೇರೆ, ಕೇಳಿ ಕಲಿಯುವವರು ಬೇರೆ, ಕೈಯಿಂದ ಮಾಡಿ ಕಲಿಯುವವರು ಬೇರೆ. ಮೊದಲೇ ಗುರುತಿಸಿ ವಿಂಗಡಿಸಿಬಿಟ್ಟರೆ ಕಲಿಕೆ ಓಡುತ್ತದೆ ಎಂದ. ನಾನು ನೋಟ್‌ಬುಕ್ಕು ತುಂಬ ಬರೆದುಕೊಂಡೆ. ಪ್ರಮಾಣಪತ್ರ ಹಿಡಿದು ಫೋಟೋ ತೆಗೆಸಿಕೊಂಡೆ. ವಾಪಸು ಬಂದು ಪ್ರಾಚಾರ್ಯರ ಮುಂದೆ ಗಿಳಿಪಾಠ ಒಪ್ಪಿಸಿದೆ. ಅವರ ಕಣ್ಣು ಅರಳಿತು. ಯಾಕೆ ಅರಳಿತು ಎಂದು ನನಗೆ ಆಗ ಹೊಳೆಯಲಿಲ್ಲ.

ಇಪ್ಪತ್ತು ಪ್ರಶ್ನೆಯ ಫಾರ್ಮು ತುಂಬಿಸಿದೆವು. ಕೂಡಿಸಿ ಗುಂಪು ಹಾಕಿದವನು ನಾನೇ. ನೋಡುವವರಿಗೆ ಹಸಿರು ಬಿಲ್ಲೆ, ಕೇಳುವವರಿಗೆ ಹಳದಿ, ಕೈಯವರಿಗೆ ಕೆಂಪು. ಅಂಗಿಯ ಜೇಬಿನ ಮೇಲೆ ಚುಚ್ಚಿಕೊಳ್ಳುವ ಪ್ಲಾಸ್ಟಿಕ್ ಬಿಲ್ಲೆಗಳು. ಹಸಿರಿನವರು ದೊಡ್ಡ ಪರದೆಯ ಮುಂದೆ ಕೂತು ವಿಡಿಯೋ ನೋಡಬೇಕು. ಹಳದಿಯವರು ಗ್ರಂಥಾಲಯದಲ್ಲಿ ಹೆಡ್‌ಫೋನು ಹಾಕಿಕೊಂಡು ಪಾಠ ಕೇಳಬೇಕು. ಕೆಂಪಿನವರು ಲೇತ್ ಮೇಲೆ. ನಮ್ಮಲ್ಲಿ ನಡೆಯುವ ಲೇತುಗಳಿದ್ದದ್ದು ನಾಲ್ಕೇ. ಉಳಿದವು ವರ್ಷಗಳಿಂದ ಗೋಣಿಚೀಲ ಹೊದ್ದು ಮಲಗಿದ್ದವು. ಈ ಯೋಜನೆ ಬಂದ ಮೇಲೆ ರಿಪೇರಿಯ ಮಾತೇ ನಿಂತಿತು, ಏಕೆಂದರೆ ಕೆಂಪು ಗುಂಪಿಗೆ ನಾಲ್ಕು ಸಾಕಾಗಿದ್ದವು! ಪ್ರಾಚಾರ್ಯರ ಕಣ್ಣು ಅರಳಿದ್ದು ಇದಕ್ಕೆ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮಾಸ್ತರು ಒಂದು ಬಿಲ್ಲೆಯನ್ನು ಅಂಗೈಯಲ್ಲಿಟ್ಟು ತಿರುವಿ ನೋಡಿದರು.

"ಸರ, ನೀವು ಊಟಾ ಯಾವುದರಿಂದ ಮಾಡ್ತೀರಿ? ಕಣ್ಣಿಂದೋ, ಮೂಗಿನಿಂದೋ, ಬಾಯಿಂದೋ?"

"ಇದೇನು ಪ್ರಶ್ನೆ ಮಾಸ್ತರ?"

"ರೊಟ್ಟಿ ಬಡಿಯೋ ಸಪ್ಪಳ ಕೇಳಿದ್ರ ಹಸಿವಾಗತೈತಿ. ಎಣ್ಣಿಗಾಯಿ ಪಲ್ಯಾ ನೋಡಿದ್ರ ಬಾಯಾಗ ನೀರ ಬರತೈತಿ. ಖರೇ. ಆದ್ರ ಸಪ್ಪಳ ಕೇಳಿದಾಂವನ್ನ ಬರೇ ಸಪ್ಪಳಾನ ಕೇಳು ಅಂತ ಕುಂಡರಿಸ್ತೀರೇನ್ರಿ? ಎಲ್ಲಾರೂ ಉಣಬೇಕಲ್ರಿ."

ನಾನು ಹಲ್ಲು ಕಿಸಿದೆ. ಹಳೇ ಕಾಲದ ಮನುಷ್ಯ, ಇವರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದುಕೊಂಡೆ. ಅಂದುಕೊಂಡದ್ದು ಮಾತ್ರವಲ್ಲ, ಸ್ಟಾಫ್ ರೂಮಿನಲ್ಲಿ ಆಡಿಯೂ ತೋರಿಸಿದೆ.

ಆ ಬ್ಯಾಚಿನ ಟರ್ನರ್ ವಿಭಾಗದಲ್ಲಿ ಒಬ್ಬಳೇ ಹುಡುಗಿ. ಉಣಕಲ್‌ನವಳು. ಮನೆಯಲ್ಲಿ ಸಂಜೆಯಾದರೆ ಅಜ್ಜಿ ವಚನ ಹಾಡುತ್ತಾಳೆ, ಮನೆಮಂದಿ ಕೂತು ಕೇಳುತ್ತಾರೆ. ಫಾರ್ಮಿನಲ್ಲಿ 'ಬಿಡುವಿನಲ್ಲಿ ಏನು ಇಷ್ಟ' ಎಂದಿತ್ತು. ಹಾಡು ಕೇಳುವುದು ಎಂದು ಗುರುತು ಹಾಕಿದಳು. 'ಮನಸ್ಸಿಗೆ ಸಮಾಧಾನ ಯಾವುದರಿಂದ' ಎಂದಿತ್ತು. ಅದಕ್ಕೂ ಹಾಡು. ಇಂಥ ನಾಲ್ಕೈದು ಪ್ರಶ್ನೆಗಳಿದ್ದವು. ನಾನು ಕೂಡಿಸಿದೆ. ಹಳದಿ ಬಂತು. ಅವಳು ಒಂದು ಕೂದಲೆಳೆಯ ಅಳತೆ ತಪ್ಪಿದರೂ ಬೆರಳಿನಿಂದ ಸವರಿ ಕಂಡುಹಿಡಿಯುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡಿದ್ದೆ. ಆದರೂ ಕಂಡದ್ದನ್ನು ಬಿಟ್ಟು ಕೂಡಿಸಿದ್ದನ್ನು ನಂಬಿದೆ.

ಅವಳಿಗೆ ಇದು ಆಟವಾಗಿರಲಿಲ್ಲ. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯವರು ಪ್ರತಿ ವರ್ಷ ಬಂದು ಅಪ್ರೆಂಟಿಸ್‌ಗಳನ್ನು ಆರಿಸುತ್ತಿದ್ದರು. ಕೊಟ್ಟ ಹೊತ್ತಿನಲ್ಲಿ ಲೇತ್ ಮೇಲೆ ಒಂದು ಭಾಗ ಮಾಡಿ ತೋರಿಸಬೇಕು, ಅಷ್ಟೇ ಪರೀಕ್ಷೆ. ಹುಡುಗಿಗೆ ಇಂಥ ಕೆಲಸ ಯಾಕೆ ಎಂದು ಬಳಗದವರೆಲ್ಲ ತಕರಾರು ತೆಗೆದಾಗ ಅವಳ ಅಪ್ಪ ಒಂದೇ ಮಾತು ಹೇಳಿದ್ದನಂತೆ: ಆರಿಸಿದರೆ ದುಡಿಯಲಿ, ಇಲ್ಲದಿದ್ದರೆ ಸೋದರಮಾವನ ಮನೆಗೆ ಕೊಟ್ಟುಬಿಡುತ್ತೇನೆ. ಅವಳು ನನ್ನ ಹತ್ತಿರ ಬಂದಳು.

"ಸರ್, ನನಗ ಲೇತ್ ಮ್ಯಾಲೆ ನಿಂದರಾಕ ಬಿಡ್ರಿ."

"ನಿಂದು ಕೇಳಿ ಕಲಿಯೋ ಸ್ವಭಾವ ಐತವಾ. ಫಾರ್ಮಿನ್ಯಾಗ ನೀನ ಬರದಿ."

"ಹಾಡು ಸೇರತಾವ ಅಂತ ಬರದೇನ್ರಿ. ಹಾಡು ಸೇರೋದು ತಪ್ಪೇನ್ರಿ ಸರ್?"

ಉತ್ತರ ಇಲ್ಲದ ಮೇಷ್ಟರುಗಳು ಏನು ಮಾಡುತ್ತಾರೋ ಅದನ್ನೇ ಮಾಡಿದೆ. "ಎದುರುತ್ತರ ಕೊಡಬ್ಯಾಡ, ಹೋಗು" ಎಂದು ಗದರಿಸಿ ಕಳಿಸಿದೆ.

ಅವಳು ನೇರ ಮಾಸ್ತರ ಬಳಿ ಹೋದಳು. ಅವರು ಪ್ರಾಚಾರ್ಯರ ಕೋಣೆಗೆ ಹೋಗಿ ವಾದಿಸಲಿಲ್ಲ, ಅರ್ಜಿ ಬರೆಯಲಿಲ್ಲ. ಮರುದಿನ ಬೆಳಿಗ್ಗೆ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ, "ಬಿಲ್ಲೇನ ಹಚಗೊಂಡ ಹುಟ್ಟಿ ಬಂದೀರೇನೋ? ಬಿಚ್ಚರಿ" ಎಂದರಂತೆ. "ಇವತ್ತ ನಿಂದು ಆಕಿಗೆ, ಆಕಿದು ನಿನಗ. ನಾಳಿ ಮತ್ತೊಬ್ಬರಿಗೆ." ದಿನಾ ಬೆಳಿಗ್ಗೆ ಬಿಲ್ಲೆಗಳು ಎದೆಯಿಂದ ಎದೆಗೆ ದಾಟುತ್ತಿದ್ದವು. ಪ್ರಾಚಾರ್ಯರು ಕಿಟಕಿಯಿಂದ ಇಣುಕಿದರೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು: ಕೆಂಪು ಲೇತ್ ಮೇಲೆ, ಹಳದಿ ಹೆಡ್‌ಫೋನಿನಲ್ಲಿ, ಹಸಿರು ಪರದೆಯ ಮುಂದೆ. ಒಳಗೆ ಮಾತ್ರ ಎಲ್ಲರಿಗೂ ಎಲ್ಲವೂ ಸಿಗುತ್ತಿತ್ತು. ನನ್ನ ಡ್ರಾಯಿಂಗ್ ಕ್ಲಾಸಿಗೆ ಬರುವ ಹೊತ್ತಿಗೆ ಬಿಲ್ಲೆಗಳು ತಂತಮ್ಮ ಜೇಬಿಗೆ ವಾಪಸು ಬಂದಿರುತ್ತಿದ್ದವು. ಎರಡು ತಿಂಗಳು ಹೀಗೆ ನಡೆಯಿತು, ಒಬ್ಬ ಹುಡುಗನೂ ಬಾಯಿ ಬಿಡಲಿಲ್ಲ. ಬಾಯಿ ಬಿಡುವುದಕ್ಕೆ ಅವರಿಗೇನು ಹುಚ್ಚೇ?

ಆ ತರಬೇತಿಯ ಮನುಷ್ಯ ಒಂದು ದಿನ ಫಲ ನೋಡಲು ಕ್ಯಾಮೆರಾ ಹಿಡಿದು ಬಂದ. ವರ್ಕ್‌ಶಾಪಿನಲ್ಲಿ ಆ ಹುಡುಗಿ ಕೆಂಪು ಬಿಲ್ಲೆ ಹಾಕಿಕೊಂಡು ಲೇತ್ ನಡೆಸುತ್ತಿದ್ದಳು. ಅವಳು ಮಾಡಿದ ಭಾಗವನ್ನು ಕೈಗೆತ್ತಿಕೊಂಡು, "ನೋಡಿ, ಇದು ಅಪ್ಪಟ ಕೆಂಪು ಗುಂಪಿನ ಕೈ! ಫಾರ್ಮು ಸುಳ್ಳು ಹೇಳುವುದಿಲ್ಲ" ಎಂದು ಪ್ರಾಚಾರ್ಯರಿಗೆ ತೋರಿಸಿದ. ಅವಳ ಹೆಸರು ಕೇಳಿ ಪಟ್ಟಿಯಲ್ಲಿ ಹುಡುಕಿದ. ಹೆಸರು ಹಳದಿಯಲ್ಲಿತ್ತು. ಪಕ್ಕದವನ ಹೆಸರು ಕೇಳಿದ. ಅದು ಹಸಿರಿನಲ್ಲಿತ್ತು. ಆತನ ಮುಖ ನೋಡಬೇಕಿತ್ತು.

ಮಾಸ್ತರು ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ ಮುಂದೆ ಬಂದರು. "ನಾನ ಬದಲಿಸೇನ್ರಿ. ಹುಡುಗರದೇನೂ ತಪ್ಪಿಲ್ಲ."

"ಹಾಗಾದರೆ ನಮ್ಮ ಮಾಹಿತಿ ಪೂರ್ತಿ ಹಾಳಾಯಿತಲ್ಲ!"

"ನಿಮ್ಮ ಕಾಗದಾ ಹಾಳಾತ್ರಿ, ಖರೇ. ನಮ್ಮ ಹುಡುಗರು ಛಲೋ ಆದ್ರು. ನೀವ ಈಗ ಅಂದ್ರೆಲ್ಲ."

ಸಂಜೆಯೊಳಗೆ ಪ್ರಾಚಾರ್ಯರ ಮೇಜಿನ ಮೇಲೆ ಒಂದು ಟಿಪ್ಪಣಿ ತಯಾರಾಗಿತ್ತು. ಬೋಧಕರು ಉದ್ದೇಶಪೂರ್ವಕವಾಗಿ ಯೋಜನೆಗೆ ಅಡ್ಡಿಪಡಿಸಿದ್ದಾರೆ, ಮುಂದುವರಿಸುವುದು ಸೂಕ್ತವಲ್ಲ. ಯೋಜನೆಯ ಹೊಣೆ ಹೊತ್ತವನೆಂದು ನನ್ನ ಸಹಿ ಬೇಕಿತ್ತು. ನನ್ನ ನೌಕರಿ ಕಾಯಂ ಆಗಲು ಇನ್ನೂ ಒಂದು ವರ್ಷ ಬಾಕಿಯಿತ್ತು. ಅವಳು ಮಾಡಿದ ಆ ಭಾಗದ ನುಣುಪನ್ನು ನಾನೂ ಕೈಯಲ್ಲಿ ಹಿಡಿದು ನೋಡಿದ್ದೆ. ಅವಳಿಗೆ ಅದು ಹೇಗೆ ಬಂತು, ಯಾರಿಂದ ಬಂತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕಿದೆ. ಸರಾಗವಾಗಿ ಹಾಕಿದೆ.

ಹೋಗುವ ದಿನ ಮಾಸ್ತರು ಕಪಾಟಿನ ಬೀಗದ ಕೈ ಕೊಡಲು ನನ್ನ ಕೋಣೆಗೆ ಬಂದರು. ಸಹಿಯ ವಿಷಯ ಅವರಿಗೆ ಗೊತ್ತಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಆದರೆ ಅದರ ಮಾತೇ ಎತ್ತಲಿಲ್ಲ.

"ಆ ಹುಡಿಗಿ ಪರೀಕ್ಷಾಕ ಇನ್ನ ಇಪ್ಪತ್ತ ದಿವಸ ಅದಾವ್ರಿ ಸರ. ಕಬ್ಬಿಣಾ ಒಂದ ಕಡೆ ಸಣ್ಣಾಗುವಂಗ ಇಳಿಜಾರ ಹೊಡಿಯೋದೊಂದು ಇನ್ನೂ ಕಚ್ಚಾ ಐತಿ. ಸ್ವಲ್ಪ ಲೇತ್ ಬಿಟ್ಟುಕೊಡ್ರಿ ಆಕಿಗೆ."

"ಹೂಂ, ನೋಡೋಣು" ಎಂದೆ. ನೋಡಲಿಲ್ಲ. ಆ ವಾರವೇ ಬಿಲ್ಲೆ ಹೋಗಿ ಹೆಸರು, ಫೋಟೋ, ಬಣ್ಣ ಎಲ್ಲ ಸೇರಿದ ಗುರುತಿನ ಚೀಟಿ ಬಂತು. ಇನ್ನು ಬದಲಿಸುವ ಹಾಗಿಲ್ಲ. ಅವಳು ಮತ್ತೆ ಹೆಡ್‌ಫೋನು ಹಾಕಿಕೊಂಡು ಕೂತಳು. ಗಾಜಿನ ಬಾಗಿಲಿನಿಂದ ನನ್ನನ್ನು ನೋಡುತ್ತಿದ್ದಳು. ನಾನು ಆ ಕಡೆಯ ಪಡಸಾಲೆಯಲ್ಲಿ ಓಡಾಡುವುದನ್ನೇ ಬಿಟ್ಟೆ.

ಪರೀಕ್ಷೆಯಾಯಿತು. ಅವಳು ಆಯ್ಕೆಯಾದಳು. ಸಂಸ್ಥೆಯ ಗೇಟಿನ ಮೇಲೆ ಆಳೆತ್ತರದ ಫ್ಲೆಕ್ಸು ಬಂತು. ಅವಳ ಫೋಟೋ, ಪ್ರಾಚಾರ್ಯರ ಫೋಟೋ, ಕೆಳಗೆ ನನ್ನದೂ ಒಂದು ಸಣ್ಣ ಫೋಟೋ. 'ಕೇಳಿ ಕಲಿತು ಗೆದ್ದ ನಮ್ಮ ವಿದ್ಯಾರ್ಥಿನಿ' ಎಂದು ದಪ್ಪ ಅಕ್ಷರ. ಏನು ಹೇಳಲಿ ಇದಕ್ಕೆ! ಅವಳು ಹೇಗೆ ಗೆದ್ದಳು ಎಂದು ನನಗೆ ತಿಳಿದದ್ದು ಅದೇ ವಾರ, ಬೆಂಗೇರಿಯ ಒಂದು ಸಣ್ಣ ವರ್ಕ್‌ಶಾಪಿನವನಿಂದ. ಅವನು ಮಾಸ್ತರ ಹಳೇ ಶಿಷ್ಯ. ಅವನ ಅಂಗಡಿಯ ಹಳೇ ಲೇತಿನ ಮೇಲೆ ಇಪ್ಪತ್ತು ದಿನ, ಬೆಳಿಗ್ಗೆ ಆರರಿಂದ ಎಂಟೂವರೆವರೆಗೆ, ಮಾಸ್ತರು ಅವಳಿಗೆ ಕಲಿಸಿದ್ದರು. ಅಪ್ಪ ಬಂದು ಬಾಗಿಲಲ್ಲಿ ಕೂತಿರುತ್ತಿದ್ದನಂತೆ. ಎಂಟೂವರೆಗೆ ಅಲ್ಲಿಂದ ಎದ್ದು ನಮ್ಮಲ್ಲಿಗೆ ಬಂದು ಹೆಡ್‌ಫೋನು ಹಾಕಿಕೊಳ್ಳುತ್ತಿದ್ದಳು.

ಆ ಫ್ಲೆಕ್ಸಿನ ಕೆಳಗೇ ಒಂದು ಸಲ ಮಾಸ್ತರು ಎದುರಾದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವರು ತಲೆಯೆತ್ತಿ ನೋಡಿ, "ಹುಡಿಗಿ ಫೋಟೋ ಛಲೋ ಬಂದೈತ್ರಿ" ಎಂದು ಸೈಕಲ್ ತುಳಿದುಕೊಂಡು ಹೋದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ. ನಾನು ಆ ಫ್ಲೆಕ್ಸನ್ನು ಇಳಿಸಲಿಲ್ಲ, ನನ್ನ ಫೋಟೋ ತೆಗೆಸಿ ಎಂದೂ ಹೇಳಲಿಲ್ಲ. ಬಿಸಿಲಿಗೆ ಬಣ್ಣ ಹೋಗುವವರೆಗೆ ಅದು ಅಲ್ಲೇ ಇತ್ತು. ನಡುವೆ ನನ್ನ ನೌಕರಿ ಕಾಯಂ ಆಯಿತು.

ಈ ವರ್ಷ ಬೇಸಿಗೆಯಲ್ಲಿ ಮಾಸ್ತರು ತೀರಿಕೊಂಡರು. ಎದೆನೋವು ಎಂದವರು ಆಸ್ಪತ್ರೆ ಮುಟ್ಟಲಿಲ್ಲ. ಮಣ್ಣಿಗೆ ಹೋದೆ. ಎಲ್ಲಿ ನೋಡಿದರೂ ಅವರ ಹುಡುಗರು. ಕೆಲಸದ ಬಟ್ಟೆಯಲ್ಲೇ ಬಂದವರು, ಕೈಯಲ್ಲಿ ಎಣ್ಣೆಮಸಿ ಇದ್ದವರು. ಪಿಚ್ ತಿಳಿಯದೆ ಒದ್ದಾಡಿದ ಆ ಕುಂದಗೋಳದ ಕಡೆಯವನು ಚಿಕ್ಕ ಮಗುವಿನ ಹಾಗೆ ಅಳುತ್ತಿದ್ದ. ಆ ಹುಡುಗಿಯೂ ಬಂದಿದ್ದಳು. ಈಗ ಅದೇ ಕಾರ್ಖಾನೆಯಲ್ಲಿ ಹೊಸಬರಿಗೆ ಕೆಲಸ ಕಲಿಸುತ್ತಾಳೆ. ಎಲ್ಲ ಮುಗಿದು ಜನ ಕರಗಿದ ಮೇಲೆ ನಾನು ಅವಳ ಹತ್ತಿರ ಹೋದೆ. ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ಅಲ್ಲೇ ಹೇಳಿಬಿಟ್ಟೆ.

"ನಿನಗ ಹಳದಿ ಕೊಟ್ಟಾಂವ ನಾನವಾ. ಮಾಸ್ತರನ್ನ ಬಿಡಿಸೋ ಕಾಗದಕ್ಕ ಸಹಿ ಮಾಡಿದಾಂವನೂ ನಾನ."

"ಗೊತ್ತೈತ್ರಿ ಸರ್."

"ಮಾಸ್ತರು ಹೇಳಿದ್ರೇನು?"

"ಅವರ್ಯಾಕ ಹೇಳ್ತಾರ್ರಿ. ನಾನ ಆಫೀಸಿನ್ಯಾಗ ಕೇಳಿ ತಿಳಕೊಂಡೆ. ಬೆಂಗೇರಿ ಅಂಗಡ್ಯಾಗ ಲೇತ್ ಮುಂದ ನಿಂತು ಬಾಯಿಗೆ ಬಂದಂಗ ಬೈದೇನ್ರಿ ನಿಮಗ. ಮಾಸ್ತರು ಮಶೀನ ಬಂದ ಮಾಡಿದ್ರು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "'ಅವರಿಗೆ ಬೈಬ್ಯಾಡವಾ' ಅಂದ್ರು. 'ಅವರಿನ್ನೂ ಕಲಿಯಾಕತ್ತಾರ. ಒಬ್ಬೊಬ್ಬರಿಗೆ ಜರಾ ಹೊತ್ತ ಹಿಡಿತೈತಿ' ಅಂದ್ರು."

ನಾನು ಅವರನ್ನು ಹಳೇ ಕಾಲದವರು ಎಂದು ನಗುತ್ತಿದ್ದಾಗ, ಅವರ ಅನ್ನಕ್ಕೆ ಕಲ್ಲು ಹಾಕುವ ಕಾಗದಕ್ಕೆ ಸಹಿ ಮಾಡುತ್ತಿದ್ದಾಗ, ಆ ಮನುಷ್ಯ ನನ್ನನ್ನೂ ತಮ್ಮ ಹುಡುಗರ ಸಾಲಿನಲ್ಲೇ ನಿಲ್ಲಿಸಿಕೊಂಡಿದ್ದರು. ಕಲಿಯುವುದಿಲ್ಲ ಎಂದು ನನ್ನನ್ನು ಕೈಬಿಟ್ಟಿರಲಿಲ್ಲ.

ಮುಂದಿನ ವಾರ ಸಂಸ್ಥೆಯಲ್ಲಿ ಸಂತಾಪ ಸಭೆ. ಎರಡು ನಿಮಿಷ ಮೌನ. ಆಮೇಲೆ ಪ್ರಾಚಾರ್ಯರು ಮೈಕು ಹಿಡಿದು, ದಿವಂಗತರು ನಮ್ಮ ಕಲಿಕಾ ಯೋಜನೆಗೆ ಬೆನ್ನೆಲುಬಾಗಿದ್ದರು ಎಂದರು. ಬೆನ್ನೆಲುಬು! ಸಭೆ ಮುಗಿಯುತ್ತಿದ್ದಂತೆ ನನ್ನನ್ನು ಕೋಣೆಗೆ ಕರೆದು, ಹೊಸ ಬ್ಯಾಚಿನ ಫಾರ್ಮುಗಳ ಕಟ್ಟನ್ನು ಮುಂದೆ ತಳ್ಳಿದರು. ಕೂಡಿಸಿ ಬಣ್ಣ ಹಾಕಿ ಸಹಿ ಮಾಡಿ ಕೊಡಬೇಕು, ಸೋಮವಾರದೊಳಗೆ.

"ಆಗೂದಿಲ್ರಿ" ಎಂದೆ. "ಗೋಣಿಚೀಲ ಹೊದಿಸಿ ಇಟ್ಟ ಲೇತ್ ಮೊದಲ ರಿಪೇರಿ ಮಾಡಿಸ್ರಿ. ಎಲ್ಲಾರಿಗೂ ಲೇತ್ ಸಿಗೋ ತನಕಾ ನಾ ಯಾವ ಕಾಗದಕ್ಕೂ ಸಹಿ ಮಾಡಂಗಿಲ್ಲ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಇಷ್ಟ ವರ್ಷ ಸುಮ್ಮನ ಮಾಡ್ತಿದ್ರೆಲ್ಲ. ಒಮ್ಮಿಂದೊಮ್ಮೆಲೆ ಏನಾತ್ರಿ ನಿಮಗ?"

"ಕಲತೇನ್ರಿ" ಎಂದೆ.

ಆ ಮಾತನ್ನು ನಾನು ಹೇಳಬೇಕಾಗಿದ್ದದ್ದು ಪ್ರಾಚಾರ್ಯರ ಮುಂದಲ್ಲ. ಯಾರ ಮುಂದೆ ಹೇಳಬೇಕಿತ್ತೋ ಅವರು ಮಣ್ಣಾಗಿ ಎಂಟು ದಿನವಾಗಿತ್ತು.